ಹೊನ್ನಿನ ನೆಲದ ಹೆಸರಿಲ್ಲದವರು

ಜಯನಗರ ನಾಲ್ಕನೇ ಬ್ಲಾಕಿನ ಚಿನ್ನದಂಗಡಿಗೆ ನಾವು ಹೋಗುವುದು ಸಾಮಾನ್ಯವಾಗಿ ಮನೆಯಲ್ಲೊಂದು ಶುಭಕಾರ್ಯ ಒದಗಿದಾಗ. ಮಗಳ ಮದುವೆಗೆ ಉಂಗುರವೋ, ಮೊಮ್ಮಗುವಿನ ಜ್ಞಾನಸ್ನಾನಕ್ಕೆ ಪುಟ್ಟದೊಂದು ಶಿಲುಬೆಯೋ ಕೊಳ್ಳಬೇಕಾಗಿರುತ್ತದೆ. ಅಲ್ಲಿ ನಾವು ಕೇಳುವುದು ಎರಡೇ ಪ್ರಶ್ನೆ: ಇಂದು ಗ್ರಾಮಿಗೆ ಎಷ್ಟು? ಮಜೂರಿ ಎಷ್ಟು? ಮಜೂರಿ ಎಂದರೆ ಒಡವೆ ಮಾಡಿದ ಅಕ್ಕಸಾಲಿಗನ ಕೂಲಿ. ಆ ಚಿನ್ನವನ್ನು ನೆಲದಾಳದಿಂದ ಮೇಲಕ್ಕೆ ತಂದವನ ಕೂಲಿ ಎಷ್ಟು ಎಂದು ನಾವು ಕೇಳುವುದಿಲ್ಲ. ಅಂಗಡಿಯ ಚೀಟಿಯಲ್ಲಿ ಅದಕ್ಕೊಂದು ಸಾಲೂ ಇಲ್ಲ.

ಆ ಕೂಲಿಯ ಕಥೆ ದೂರದ್ದೇನೂ ಅಲ್ಲ. ಬೆಂಗಳೂರಿನಿಂದ ಪೂರ್ವಕ್ಕೆ ಸುಮಾರು 100 ಕಿಲೋಮೀಟರ್ ಹೋದರೆ ಕೋಲಾರ ಚಿನ್ನದ ಗಣಿ ಪ್ರದೇಶ ಸಿಗುತ್ತದೆ. ಇಂದಿನ ಮಕ್ಕಳಿಗೆ ಕೆಜಿಎಫ್ ಎಂದರೆ 2018ರಲ್ಲಿ ತೆರೆಕಂಡ ಸಿನಿಮಾ. ನಮ್ಮ ಧರ್ಮಕೇಂದ್ರಗಳಲ್ಲಿರುವ ಗಣಿ ಮೂಲದ ಕುಟುಂಬಗಳಿಗಾದರೋ ಅದು ಅಜ್ಜ ಅಜ್ಜಿಯರ ಊರು. ಆಸ್ಟ್ರೇಲಿಯದ ಬರಡು ಒಳನಾಡಿನಲ್ಲಿ ಚಿನ್ನ ಹುಡುಕುತ್ತ ಹೋದವರ ಸಾಹಸವನ್ನು ಶಾಲೆಯ ಪುಸ್ತಕಗಳಲ್ಲಿ ಓದಿ ಬೆರಗಾದವರು ನಾವು. ಅದೇ ಕಾಲದಲ್ಲಿ, ಅದೇ ಬಗೆಯ ಬದುಕು ನಮ್ಮ ನೆರೆಯಲ್ಲೇ ನಡೆದಿತ್ತು ಎಂಬುದನ್ನು ಮಾತ್ರ ಮರೆತಿದ್ದೇವೆ.

ಗಡಿ ಅಳೆಯಲು ಬಂದವರು

1799ರಲ್ಲಿ ಶ್ರೀರಂಗಪಟ್ಟಣ ಪತನವಾಯಿತು. ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡ ಮೇಲೆ ಹೊಸ ಮೈಸೂರಿನ ಎಲ್ಲೆ ಯಾವುದು ಎಂದು ಅಳೆದು ಗುರುತಿಸುವ ಕೆಲಸಕ್ಕೆ ಇಂಗ್ಲಿಷರು ಕೈಹಾಕಿದರು. ಹೀಗೆ ಪೂರ್ವದ ಗಡಿಯನ್ನು ಅಳೆಯಲು ಬಂದ ಸೇನಾಧಿಕಾರಿ ಲೆಫ್ಟಿನೆಂಟ್ ಜಾನ್ ವಾರೆನ್. ಈ ಸೀಮೆಯ ಮಣ್ಣಿನಲ್ಲಿ ಚಿನ್ನವಿದೆ ಎಂಬ ಮಾತು 1802ರಲ್ಲಿ ಅವನ ಕಿವಿಗೆ ಬಿತ್ತು. ಚಿನ್ನ ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಅವನು ಸಾರಿದ. ಊರಿಗಾಂ ಹಳ್ಳಿಯವರು ಎತ್ತಿನ ಗಾಡಿಯಲ್ಲಿ ಮಣ್ಣು ತುಂಬಿ ತಂದು, ಅವನ ಕಣ್ಣೆದುರೇ ತೊಳೆದು, ತಳದಲ್ಲಿ ಉಳಿದ ಹೊನ್ನಿನ ಪುಡಿಯನ್ನು ತೋರಿಸಿದರು.

ಇಲ್ಲಿ ನಾವು ಒಂದು ಕ್ಷಣ ನಿಂತು ಯೋಚಿಸಬೇಕು. ಚಿನ್ನವನ್ನು ಕಂಡುಹಿಡಿದವನು ವಾರೆನ್ ಎಂದು ಬರೆಯುವುದು ರೂಢಿ. ಆದರೆ ಅವನು ಕಂಡದ್ದು ಹಳ್ಳಿಗರು ತಲೆತಲಾಂತರದಿಂದ ಬಲ್ಲ ವಿದ್ಯೆಯನ್ನು. ಮಾರಿಕುಪ್ಪಂ, ಊರಿಗಾಂ ಸುತ್ತಮುತ್ತ ಆಗಲೇ ಹಳೆಯ ಕಾಲದ ಅಗೆದ ಗುಂಡಿಗಳಿದ್ದವು. ವರದಿಯಲ್ಲಿ ವಾರೆನ್ನನ ಹೆಸರು ಉಳಿಯಿತು. ಮಣ್ಣು ತೊಳೆದ ಕೈಗಳ ಹೆಸರು ಉಳಿಯಲಿಲ್ಲ.

ಮುಂದಿನ ಐವತ್ತು ಅರವತ್ತು ವರ್ಷಗಳಲ್ಲಿ ಹಲವರು ಇಲ್ಲಿ ಅಗೆದು ಕೈಸುಟ್ಟುಕೊಂಡರು. ಅಪಘಾತಗಳಾದುವೆಂದು 1859ರಲ್ಲಿ ನೆಲದಡಿಯ ಅಗೆತವನ್ನೇ ಸರ್ಕಾರ ನಿಷೇಧಿಸಿತು. ಹೊನ್ನಿನ ಮಾತು ಅಲ್ಲಿಗೆ ತಣ್ಣಗಾಯಿತು.

ಚಿನ್ನದ ಜ್ವರ

ಅಷ್ಟರಲ್ಲಿ ಲೋಕದ ಇನ್ನೊಂದು ಮೂಲೆಯಲ್ಲಿ ಚಿನ್ನದ ಜ್ವರ ಏರಿತ್ತು. 1851ರಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಲ್ಲೂ ವಿಕ್ಟೋರಿಯದ ಬಲ್ಲಾರಟ್‌ನಲ್ಲೂ ಚಿನ್ನ ಸಿಕ್ಕಿತು. ಹತ್ತು ವರ್ಷದ ಬಳಿಕ ನ್ಯೂಜಿಲೆಂಡಿನ ಒಟಾಗೋ ಸೀಮೆಯಲ್ಲಿ ಸಿಕ್ಕಿತು. ಹಡಗು ಹತ್ತಿದವರಲ್ಲಿ ರೈತರು, ಬಡಗಿಗಳು, ಸೈನಿಕರು, ಕೆಲಸ ಕಳೆದುಕೊಂಡ ಗಣಿಗಾರರು ಎಲ್ಲರೂ ಇದ್ದರು.

ಆ ಕಾಲದಲ್ಲೇ ನ್ಯೂಜಿಲೆಂಡಿನ ಮಾವೋರಿ ಜನರ ವಿರುದ್ಧ ನಡೆದ ಯುದ್ಧದಲ್ಲಿ ಹೋರಾಡಿದವನು ಐರಿಷ್ ಸೈನಿಕ ಮೈಕೇಲ್ ಫಿಟ್ಸ್‌ಜೆರಾಲ್ಡ್ ಲ್ಯಾವೆಲ್. ಗಣಿಯ ಹುಚ್ಚು ಅವನಿಗೆ ಹತ್ತಿದ್ದು ಅಲ್ಲಿಯೇ. ನಿವೃತ್ತನಾಗಿ ಬೆಂಗಳೂರು ದಂಡಿನಲ್ಲಿ ನೆಲೆಸಿದ ಮೇಲೆ ವಾರೆನ್ನನ ಹಳೆಯ ವರದಿ ಅವನ ಕೈಗೆ ಬಂತು. 1871ರಲ್ಲಿ ಅವನು ಎತ್ತಿನ ಗಾಡಿಯಲ್ಲಿ ಕೋಲಾರದ ಕಡೆಗೆ ಹೊರಟ. 1873ರಲ್ಲಿ ಪರವಾನಗಿ ಕೇಳಿದ. ಆಗ ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಕೊನೆಗೆ 1875ರ ಫೆಬ್ರವರಿಯಲ್ಲಿ 20 ವರ್ಷದ ಪರವಾನಗಿ ದೊರೆಯಿತು. ಎರಡೇ ವರ್ಷದಲ್ಲಿ ಅವನ ಹಣ ಮುಗಿಯಿತು, ಹಕ್ಕು ಕೈಬದಲಾಯಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಳ ಉಸ್ತುವಾರಿಗೆ ಬಂತು. ಬೆಂಗಳೂರಿನಲ್ಲಿ ಲ್ಯಾವೆಲ್‌ನ ಹೆಸರು ಇಂದಿಗೂ ಒಂದು ರಸ್ತೆಗೆ ಉಳಿದಿದೆ.

ಕಂಪನಿಗೂ ಚಿನ್ನ ಸುಲಭವಾಗಿ ಸಿಗಲಿಲ್ಲ. ಬಂಡವಾಳ ಕರಗುತ್ತ ಬಂದು, ಗಣಿಯನ್ನು ಮುಚ್ಚುವ ಮಾತು ನಡೆದಿತ್ತು. ಆಗ ಪ್ಲಮ್ಮರ್ ಎಂಬ ಅನುಭವಿ ಗಣಿಗಾರ ಹೊಸ ಜಾಗ ಬಿಟ್ಟು, ಹಳೆಯ ಕಾಲದವರು ತೋಡಿದ್ದ ಗುಂಡಿಗಳ ಕೆಳಗೇ ಅಗೆಸಿದ. ಅಲ್ಲಿ ಸಿಕ್ಕಿದ್ದೇ ಚಾಂಪಿಯನ್ ಲೋಡ್ ಎಂದು ಹೆಸರಾದ ಸಿರಿಯ ಪದರ. ಹೆಸರಿಲ್ಲದ ಪೂರ್ವಿಕರೇ ಎರಡನೆಯ ಸಲವೂ ದಾರಿ ತೋರಿಸಿದ್ದರು.

ಲೈನ್‌ಗಳ ಬದುಕು

ಹೀಗೆ ಕುರುಚಲು ಕಾಡಿನ ಬಯಲಿನಲ್ಲಿ ಒಂದು ಊರೇ ಎದ್ದು ನಿಂತಿತು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಗಾರರು ಬಂದರು. ಇದೇ ಕಾರ್ನ್‌ವಾಲಿನ ಜನ ದಕ್ಷಿಣ ಆಸ್ಟ್ರೇಲಿಯದ ಮೂಂಟಾ ಗಣಿಗಳಿಗೂ ವಲಸೆ ಹೋಗಿದ್ದವರು. ಇಟಲಿಯವರು ಬಂದರು, ಆಂಗ್ಲೋ-ಇಂಡಿಯನ್ನರು ಬಂದರು. ಬಂಗಲೆ, ಕ್ಲಬ್ಬು, ತಂಪು ಹವೆ ಕಂಡು ಜನ ಇದನ್ನು ಪುಟ್ಟ ಇಂಗ್ಲೆಂಡ್ ಎಂದು ಕರೆದರು.

ಆದರೆ ನೆಲದಡಿಗೆ ಇಳಿದವರು ಬೇರೆಯೇ ಜನ. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯ ಬಡ ಕುಟುಂಬಗಳು, ಬಹುಪಾಲು ಜಮೀನಿಲ್ಲದ ದಲಿತರು, ಬರಕ್ಕೂ ಜಾತಿಯ ಕಟ್ಟಿಗೂ ಬೇಸತ್ತು ಇಲ್ಲಿಗೆ ಬಂದರು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಗಣಿಯ ಕೆಲಸಗಾರರು ಇಪ್ಪತ್ತು ಸಾವಿರ ಮೀರಿದ್ದರು. ಅವರ ವಾಸ ಸಾಲು ಸಾಲಾದ ಬಿದಿರ ತಟ್ಟಿಯ, ತಗಡಿನ ಗುಡಿಸಲುಗಳಲ್ಲಿ. ಲೈನ್ ಎಂದೇ ಅವುಗಳ ಹೆಸರು. ಒಂದೇ ಕೋಣೆಯಲ್ಲಿ ಅಡುಗೆ, ಮಲಗು, ಹೆರಿಗೆ, ಸಾವು.

ಆಳಕ್ಕೆ ಹೋದಂತೆ ಗಣಿ ಕಠಿಣವಾಯಿತು. ಚಾಂಪಿಯನ್ ರೀಫ್ಸ್ ಗಣಿ ಕೊನೆಗೆ 3 ಕಿಲೋಮೀಟರಿಗೂ ಹೆಚ್ಚು ಆಳ ತಲುಪಿತು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಮೇಲಿನ ಭಾರಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಅದರಿಂದ ಪಾರಾದವರಲ್ಲಿ ಅನೇಕರನ್ನು ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಹಿಡಿಯಿತು. ಹಾಗೆಂದು ಅವರು ಬಾಯಿಲ್ಲದವರಾಗಿರಲಿಲ್ಲ. 1930ರಲ್ಲಿ ಬೆರಳಚ್ಚು ಪಡೆಯುವ ಕ್ರಮದ ವಿರುದ್ಧ ಸಾವಿರಾರು ಕಾರ್ಮಿಕರು ಒಟ್ಟಾಗಿ ಮುಷ್ಕರ ಹೂಡಿದರು. ನಾವು ದುಡಿಯಲು ಬಂದವರು, ಕಳ್ಳರಲ್ಲ ಎಂಬ ಸ್ವಾಭಿಮಾನ ಅದರಲ್ಲಿತ್ತು.

ಎರಡು ನಾಡು, ಒಂದೇ ಪ್ರಶ್ನೆ

ಪಶ್ಚಿಮ ಆಸ್ಟ್ರೇಲಿಯದ ಕಾಲ್ಗೂರ್ಲಿಯಲ್ಲಿ 1893ರಲ್ಲಿ ಚಿನ್ನ ಕಂಡವನೂ ಐರಿಷ್‌ನವನೇ, ಪ್ಯಾಡಿ ಹ್ಯಾನನ್. ಆ ಮರುಭೂಮಿಗೆ 1903ರಲ್ಲಿ 500 ಕಿಲೋಮೀಟರಿಗೂ ಉದ್ದದ ಕೊಳವೆಯಲ್ಲಿ ನೀರು ಹರಿಸಿದರು. ಅದಕ್ಕೆ ಒಂದು ವರ್ಷ ಮೊದಲು, 1902ರ ಜೂನ್‌ನಲ್ಲಿ, ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಗಣಿಯ ಯಂತ್ರಗಳಿಗೆ ವಿದ್ಯುತ್ ತಂದಿದ್ದರು. ನಮ್ಮ ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಚಿನ್ನಕ್ಕಾಗಿ ಮನುಷ್ಯ ನದಿಯನ್ನೂ ತಿರುಗಿಸಬಲ್ಲ. ಆದರೆ ಚಿನ್ನ ತೆಗೆಯುವವನ ಗುಡಿಸಲನ್ನು ತಿರುಗಿ ನೋಡಲು ಅವನಿಗೆ ಪುರುಸೊತ್ತಿಲ್ಲ.

ಆಸ್ಟ್ರೇಲಿಯದ ಒಳನಾಡಿನಲ್ಲಿ ಬಿಳಿಯ ಅನ್ವೇಷಕರಿಗೆ ನೀರಿನ ಹೊಂಡ ತೋರಿಸಿದವರು ಮೂಲನಿವಾಸಿಗಳು. ಕೆಲವೊಮ್ಮೆ ಅವರನ್ನು ಹಿಡಿದು ಕಟ್ಟಿ, ನೀರು ತೋರಿಸುವಂತೆ ಬಲವಂತ ಮಾಡಿದ್ದೂ ಉಂಟು. ಆ ನೆಲ ಯಾರದ್ದೂ ಅಲ್ಲ ಎಂಬ ಹಳೆಯ ವಾದವನ್ನು ಅಲ್ಲಿನ ಉಚ್ಚ ನ್ಯಾಯಾಲಯ ತಳ್ಳಿಹಾಕಿದ್ದು 1992ರಲ್ಲಿ, ಮಾಬೋ ಪ್ರಕರಣದಲ್ಲಿ. ಊರಿಗಾಂನ ಹಳ್ಳಿಗರಿಗೂ ಆ ಮೂಲನಿವಾಸಿಗಳಿಗೂ ಆದದ್ದು ಒಂದೇ ಅಲ್ಲ. ಆದರೆ ಎರಡೂ ಕಡೆ ದಾರಿ ತೋರಿಸಿದವನು ಮರೆಯಾದ. ದಾರಿ ಕೇಳಿದವನ ಹೆಸರು ನಿಂತಿತು.

ನಮ್ಮ ಪಾಲಿನ ಕೆಲಸ

ಸ್ವಾತಂತ್ರ್ಯದ ನಂತರ 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾಯಿತು. ಸುಮಾರು 800 ಟನ್ ಚಿನ್ನ ಕೊಟ್ಟ ನೆಲದ ಬಾಗಿಲು 2001ರ ಫೆಬ್ರವರಿ 28ರಂದು ಮುಚ್ಚಿತು. ಉಳಿದದ್ದು ಸೈನೈಡ್ ದಿಬ್ಬಗಳು, ಖಾಲಿ ಶಾಫ್ಟುಗಳು ಮತ್ತು ಲೈನ್‌ಗಳಲ್ಲಿ ಜನ. ಆಂಗ್ಲೋ-ಇಂಡಿಯನ್ ಕುಟುಂಬಗಳಲ್ಲಿ ಎಷ್ಟೋ ಮಂದಿ ಅದಕ್ಕೂ ಮೊದಲೇ ಆಸ್ಟ್ರೇಲಿಯಕ್ಕೆ ಹೋಗಿ ನೆಲೆಸಿದ್ದರು. ಉಳಿದವರಿಗೆ ಬೆಂಗಳೂರೇ ಆಸ್ಟ್ರೇಲಿಯ. ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಡುವ ರೈಲಿನಲ್ಲಿ ಸಾವಿರಾರು ಜನ ಇಲ್ಲಿಗೆ ಬಂದು, ರಾತ್ರಿ ಮನೆ ಸೇರುತ್ತಾರೆ. ಬಿ.ಟಿ.ಎಂ. ಲೇಔಟಿನ ಕಚೇರಿಯ ಬಾಗಿಲಲ್ಲಿ ನಿಂತ ಕಾವಲುಗಾರ, ಬನಶಂಕರಿಯ ಅಂಗಡಿಯಲ್ಲಿ ಬಟ್ಟೆ ಮಡಿಸುವ ಹುಡುಗಿ ಆ ರೈಲಿನಲ್ಲಿ ಬಂದವರಿರಬಹುದು. ನಾವು ಕೇಳಿ ನೋಡಿದ್ದೇವೆಯೇ?

ಪ್ರಿಯರೇ, ಸರ್ವೆಯ ವರದಿಯಲ್ಲಿ, ಕಂಪನಿಯ ಇತಿಹಾಸದಲ್ಲಿ ಇಲ್ಲದ ಹೆಸರುಗಳು ಒಂದು ಕಡೆ ಮಾತ್ರ ಉಳಿದಿವೆ. ಚಾಂಪಿಯನ್ ರೀಫ್ಸ್‌ನ ವಿಜಯ ಮಾತೆಯ ದೇವಾಲಯದಂತಹ ಗಣಿಯ ದೇವಾಲಯಗಳಲ್ಲಿ ಜ್ಞಾನಸ್ನಾನ, ಮದುವೆ, ಮರಣಗಳನ್ನು ಬರೆದಿಡುವುದು ನಮ್ಮ ಧರ್ಮಸಭೆಯ ಕಟ್ಟಳೆ. ಅಲ್ಲಿ ಲೈನಿನಲ್ಲಿ ಹುಟ್ಟಿದ ಕೂಲಿಯ ಮಗುವಿಗೂ ಒಂದು ಹೆಸರು, ತಂದೆ ತಾಯಿಯ ಹೆಸರು, ಒಂದು ದಿನಾಂಕ ಇರುತ್ತದೆ. ಬಂಗಲೆಯ ಮಗುವಿಗೂ ಅಷ್ಟೇ, ಒಂದೇ ಒಂದು ಸಾಲು.

ನಿಮ್ಮ ಮನೆಯಲ್ಲಿ ಗಣಿಗೆ ಇಳಿದ ಹಿರಿಯರಿದ್ದರೆ ಈ ವಾರವೇ ಅವರ ಬಳಿ ಕುಳಿತುಕೊಳ್ಳಿ. ಅಜ್ಜ ಯಾವ ಊರಿನಿಂದ ಬಂದರು, ಯಾವ ಶಾಫ್ಟಿನಲ್ಲಿ ಇಳಿದರು, ಯಾವ ಲೈನಿನಲ್ಲಿದ್ದರು, ಅಜ್ಜಿ ಸಂಬಳದ ದಿನ ಏನು ಅಡುಗೆ ಮಾಡುತ್ತಿದ್ದರು ಎಂದು ಕೇಳಿ ಬರೆದಿಡಿ. ಗಣಿ ಮುಚ್ಚಿ ಎರಡು ದಶಕಗಳು ದಾಟಿವೆ. ಹೇಳುವವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಅಂತಹ ಹಿರಿಯರು ನಿಮ್ಮ ಮನೆಯಲ್ಲಿ ಇಲ್ಲವಾದರೆ ಪಕ್ಕದ ಮನೆಯಲ್ಲಿ ಇದ್ದಾರು. ಮುಂದಿನ ಸಲ ಚಿನ್ನದಂಗಡಿಯಲ್ಲಿ ಮಜೂರಿ ಎಷ್ಟು ಎಂದು ಕೇಳುವಾಗ, ಚೀಟಿಯಲ್ಲಿ ಕಾಣದ ಆ ಇನ್ನೊಂದು ಮಜೂರಿಯೂ ನಮ್ಮ ನೆನಪಿನಲ್ಲಿರಲಿ.