ಜೀಪು ಎತ್ತರವಾದ ಕಥೆ

ಭಟ್ಕಳದಿಂದ ಸಾಗರದ ಕಡೆ ಕೋಗಾರ ಘಾಟಿ ಹತ್ತುವಾಗ ಎತ್ತರಿಸಿದ ಜೀಪು ಕಂಡರೆ ನನಗೆ ಎರಡನೇ ಮಹಾಯುದ್ಧ ನೆನಪಾಗುತ್ತೆ. 1941ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದ ವಿಲ್ಲಿಸ್ ಜೀಪಿನಲ್ಲಿ ಲೀಫ್ ಸ್ಪ್ರಿಂಗ್ ಇದ್ದದ್ದು ಆಕ್ಸಲ್‌ನ ಕೆಳಗೆ. 1940ರ ದಶಕದ ಕೊನೆಗೆ ಮಹೀಂದ್ರ ಇಲ್ಲಿ ಜೋಡಿಸತೊಡಗಿದ್ದೂ ಅದೇ ವಂಶದ ಜೀಪು.

ಆ ಸ್ಪ್ರಿಂಗನ್ನು ಆಕ್ಸಲ್ ಮೇಲೆ ಕೂರಿಸಿದರೆ ಗಾಡಿ ಎತ್ತರ! ಜಾಕ್, ಗಟ್ಟಿ ಸ್ಟ್ಯಾಂಡು, ಸ್ಪ್ಯಾನರ್, ಹೊಸ ಯು-ಬೋಲ್ಟು, ಒಬ್ಬ ಒಳ್ಳೆ ವೆಲ್ಡರ್ ಇದ್ದರೆ ಮನೆಯಂಗಳದಲ್ಲೇ ಆಗುವ ಕೆಲಸ. (ಬರೀ ಜಾಕ್ ನಂಬಿ ಗಾಡಿಯಡಿ ನುಗ್ಗಬೇಡಿ.) ಆದರೆ ಬ್ರೇಕ್ ಹೋಸ್ ಉದ್ದ ಸಾಲದು, ಸ್ಟಿಯರಿಂಗ್ ರಾಡು, ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತೆ, ತಿರುವಿನಲ್ಲಿ ಮಗುಚುವ ಭಯ ಹೆಚ್ಚುತ್ತೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಗೆ ಕಡಿವಾಣ ಹಾಕಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ರಣರಂಗಕ್ಕೆ ಸಾಕಾಗಿದ್ದ ಎತ್ತರ ನಮ್ಮ ಘಾಟಿಗೆ ಸಾಲದೇ? ನೀವೇನಂತೀರಿ?