ಹೊಸೂರು ಸೀಮೆಯ ತೊಗಲಿನ ಮಾತು

ಮೂವತ್ತಕ್ಕೂ ಹೆಚ್ಚು ವರ್ಷ ಸಂಸ್ಕೃತ ಪಾಠ ಹೇಳಿದವನು ನಾನು. ಭಾಷಾವಿಜ್ಞಾನ ನನ್ನ ಶಾಸ್ತ್ರವಲ್ಲ. ಆದರೂ ಹೊಸೂರು-ಕೃಷ್ಣಗಿರಿ ಕಡೆಯ ಕನ್ನಡದ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದಾಗ ಮೊದಲು ನೆನಪಿಗೆ ಬಂದದ್ದು ಪುಸ್ತಕದ ಕನ್ನಡವಲ್ಲ, ಕಪಿಲೆ ಬಾವಿಯ ಕನ್ನಡ. ಮನೆಯ ಹಿತ್ತಿಲಲ್ಲೇ ತೊಗಲು ಹದ ಮಾಡಿ ಊರಿಗೆ ಬೇಕಾದ ಸಾಮಾನು ಮಾಡಿಕೊಡುತ್ತಿದ್ದವರ ಮಾತುಗಳನ್ನು ಇಲ್ಲಿ ವಿಚಾರಿಸಲಾಗಿದೆ.

ಮೊದಲು ಪ್ರದೇಶದ ವಿಷಯ. ಬಾರಾಮಹಲ್ ಸೀಮೆ 1792ರಲ್ಲಿ ಟಿಪ್ಪುವಿನಿಂದ ಕಂಪನಿಯ ಕೈಗೆ ಹೋಯಿತು. ಘಟ್ಟದ ಮೇಲಿನ ಹೊಸೂರು 1799ರ ಯುದ್ಧದ ಬಳಿಕ ಅದನ್ನೇ ಹಿಂಬಾಲಿಸಿ ಸೇಲಂ ಜಿಲ್ಲೆಗೆ ಸೇರಿತು. 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ. ಕಚೇರಿ ಎಷ್ಟು ಸಲ ಬದಲಾದರೂ ತಳಿ, ದೆಂಕಣಿಕೋಟೆ, ಬಾಗಲೂರು ಕಡೆಯ ಸಂತೆಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ನಾಲಗೆಯ ಮೇಲೆ ಓಡಾಡುತ್ತವೆ. ತೊಗಲಿನ ಕೆಲಸದವರಲ್ಲಿ ಕೆಲವರ ಮನೆಮಾತು ತೆಲುಗು, ಕೆಲವರದು ಕನ್ನಡ. ಊರಿನವರೊಡನೆ ಯಾವ ಮಾತು ಬೇಕೋ ಆ ಮಾತು.

ನಾನು ಹುಡುಗನಾಗಿದ್ದ 1950ರ ದಶಕದಲ್ಲಿ ತೊಗಲಿಲ್ಲದೆ ಬೇಸಾಯ ಇರಲಿಲ್ಲ. ಕಪಿಲೆಯ ಬಾನಿಗೆ ಜೋಡಿಸುವ ಸೊಂಡಿಲಿನಂಥ ಚೀಲ ತೊಗಲಿನದು. ಎತ್ತು ಇಳಿಜಾರಿನಲ್ಲಿ ಇಳಿದಂತೆ ಬಾನಿ ಮೇಲೆ ಬಂದು, ಆ ಚೀಲದ ಬಾಯಿಂದ ನೀರು ದಬದಬ ಕಾಲುವೆಗೆ ಬೀಳುತ್ತಿತ್ತು. ನೊಗಕ್ಕೆ ಮಿಣಿ, ಎತ್ತಿಗೆ ಬಾರುಕೋಲು, ಕಮ್ಮಾರನಿಗೆ ತಿದಿ, ಕಾಲಿಗೆ ಎಕ್ಕಡ, ದೇವರ ಉತ್ಸವಕ್ಕೆ ತಮಟೆ ಎಲ್ಲಾ ಒಂದೇ ಕೇರಿಯಿಂದ ಬರಬೇಕು. ಸುಗ್ಗಿಯಲ್ಲಿ ಕಣದ ರಾಗಿಯೇ ಅವರ ಕೂಲಿ.

ಹದ ಮಾಡುವ ಕ್ರಮವನ್ನು ಒಬ್ಬ ಹಿರಿಯರು ನನಗೆ ವಿವರಿಸಿದ್ದರು. ಹಸಿ ತೊಗಲನ್ನು ನೀರಲ್ಲಿ ನೆನೆಹಾಕಿ ತೊಳೆದು, ಸುಣ್ಣದ ನೀರಿನಲ್ಲಿ ಕೆಲವು ದಿನ ಇಡುವುದು. ಕೂದಲು ಸಡಿಲವಾದ ಮೇಲೆ ಮರದ ದಿಮ್ಮಿಯ ಮೇಲೆ ಹಾಸಿ ಮೊಂಡುಗತ್ತಿಯಿಂದ ಹೆರೆಯುವುದು, ಒಳಬದಿಯ ಮಾಂಸ ತೆಗೆಯುವುದು. ಆಮೇಲೆ ಚೀಲದಂತೆ ಹೊಲಿದು ಮರದ ಕೊಂಬೆಗೆ ನೇತುಹಾಕಿ, ಒಳಗೆ ಜಜ್ಜಿದ ತಂಗಡಿ ಚಕ್ಕೆಯನ್ನೂ ನೀರನ್ನೂ ತುಂಬುವುದು. ಜಿನುಗಿದ ರಸವನ್ನು ಕೆಳಗೆ ಮಡಕೆಯಲ್ಲಿ ಹಿಡಿದು ಮತ್ತೆ ಮತ್ತೆ ಒಳಕ್ಕೆ ಹೊಯ್ಯುವುದು. ಕೊನೆಗೆ ಅಳಲೆಕಾಯಿಯ ರಸ, ಹೊಂಗೆ ಎಣ್ಣೆಯ ನೀವಿಕೆ. “ಹದ ಬಂತೋ ಇಲ್ವೋ ಹೆಂಗೆ ತಿಳೀತದೆ?” ಎಂದು ಕೇಳಿದೆ. “ಮೂಗು ಹೇಳ್ತದೆ, ಬೆರಳು ಹೇಳ್ತದೆ ಸ್ವಾಮಿ. ಕಣ್ಣು ಹೇಳಾಕಿಲ್ಲ” ಎಂದರು.

ಈ ‘ಹದ’ ಶಬ್ದವೇ ಗಮನಾರ್ಹ. ತಮಿಳಿನಲ್ಲಿ ಅದು ಪದಂ, ತೆಲುಗಿನಲ್ಲಿ ಪದನು. ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಗಿದೆ. ನೆಲದ ಹದ, ಪಾಕದ ಹದ, ತೊಗಲಿನ ಹದ ಮೂರಕ್ಕೂ ಒಂದೇ ಮಾತು. ಪಾದರಕ್ಷೆಗೆ ತಮಿಳರು ಚೆರುಪ್ಪು ಅಂತಾರೆ, ತೆಲುಗರು ಚೆಪ್ಪು. ಕನ್ನಡದಲ್ಲಿ ಕೆರ್ಪು, ಕೆರ. ಅವರಲ್ಲಿ ಚಕಾರವಾದದ್ದು ನಮ್ಮಲ್ಲಿ ಕಕಾರವಾಗಿಯೇ ಉಳಿದಿದೆ. ಗಿಡಕ್ಕೆ ತೆಲುಗರ ತಂಗೇಡು ನಮ್ಮ ತಂಗಡಿ, ತಮಿಳರ ಆವಾರೈ ನಮ್ಮ ಆವರಿಕೆ. ಎರಡು ಹೆಸರೂ ಕನ್ನಡದಲ್ಲಿವೆ. ಸಂಸ್ಕೃತದ ನಿಘಂಟುಗಳು ಆವರ್ತಕಿಗೆ ‘ಚರ್ಮರಂಗಾ’ ಎಂಬ ಹೆಸರನ್ನೂ ಕೊಡುತ್ತವೆ. ನಾನು ಈ ಹೆಸರನ್ನು ಬಾಯಿಪಾಠ ಮಾಡಿದ್ದೆ. ಅದು ಬೇಲಿಯಲ್ಲಿ ಹಳದಿ ಹೂ ಬಿಡುವ ಗಿಡವೆಂದು ತಿಳಿದದ್ದು ಆ ಹಿರಿಯರಿಂದ.

ನನ್ನದೊಂದು ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಪಾಣಿನಿಯ ಐದನೆಯ ಅಧ್ಯಾಯದ ಮೊದಲ ಪಾದದಲ್ಲಿ, ಇಂಥ ವಸ್ತುವಿಗಾಗಿಯೇ ಇರುವ ಚರ್ಮ ಎಂಬರ್ಥದ ಪ್ರತ್ಯಯವಿಧಿ ಇದೆ. ವಾರ್ಧ್ರ, ಎಂದರೆ ಬಾರಿಗಾಗಿ ಇಟ್ಟ ಚರ್ಮ, ಎಂಬುದು ಕಾಶಿಕೆಯ ಉದಾಹರಣೆ. ಅದನ್ನು ಹೇಳುವಾಗಲೆಲ್ಲ ‘ವರ್ಧ್ರ’ದ ತದ್ಭವವೇ ನಮ್ಮ ‘ಬಾರು’ ಎಂದು ಸಲೀಸಾಗಿ ಹೇಳಿಬಿಡುತ್ತಿದ್ದೆ. ಆದರೆ ತಮಿಳಿನಲ್ಲಿ ವಾರ್, ತೆಲುಗಿನಲ್ಲಿ ವಾರು ಇದೆ. ತಮಿಳಿನ ವಾಯ್ ನಮ್ಮಲ್ಲಿ ಬಾಯಿ, ವಾಳೈ ನಮ್ಮಲ್ಲಿ ಬಾಳೆ ಆದಂತೆಯೇ ವಾರ್ ಬಾರು ಆಗಿದೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ಪದವ್ಯುತ್ಪತ್ತಿ ಕೋಶವೂ ಇದನ್ನು ದ್ರಾವಿಡ ಮಾತೆಂದೇ ಸೇರಿಸಿಕೊಂಡಿದೆ. ಹಿರಿಯರ ವಿವರಣೆ ಇನ್ನೂ ಖಚಿತ: “ಸೀಳಿದ್ದು ಬಾರು, ಹುರಿ ಹಾಕಿದ್ದು ಮಿಣಿ.” ಇಷ್ಟು ಸ್ಪಷ್ಟವಾದ ಲಕ್ಷಣವನ್ನು ನಾನು ತರಗತಿಯಲ್ಲಿ ಒಂದು ದಿನವೂ ಹೇಳಿರಲಿಲ್ಲ.

ಮಾತು ಹೋದದ್ದು ವಸ್ತು ಹೋದ ಹಿಂದೆಯೇ. ಹಸಿ ತೊಗಲು ವಾಣಿಯಂಬಾಡಿ, ಆಂಬೂರಿನ ಹದಗಾರಿಕೆಗಳ ಕಡೆ ತಿರುಗಿತು. ಅಲ್ಲಿ ತಂಗಡಿಯ ಜಾಗಕ್ಕೆ ಹೊರದೇಶದ ವಾಟಲ್ ತೊಗಟೆ, ಕ್ರೋಮ್ ಉಪ್ಪು ಬಂದವು. ವಿದ್ಯುತ್ ಪಂಪು ಬಂದು ಕಪಿಲೆ ನಿಂತಿತು. 1970ರ ದಶಕದಲ್ಲಿ ಹೊಸೂರಿನಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂದ ಮೇಲೆ ಕೇರಿಯ ಹುಡುಗರು ಕಾರ್ಖಾನೆಗೆ ಹೋದರು. ಅದು ಒಳ್ಳೆಯದೇ ಆಯಿತು.

ಇನ್ನೊಂದು ಕಾರಣ ನಮಗೆ ಸಂಬಂಧಿಸಿದ್ದು. ಉಪನಯನದಲ್ಲಿ ನನ್ನ ಜನಿವಾರಕ್ಕೆ ಕೃಷ್ಣಾಜಿನದ ತುಂಡು ಕಟ್ಟಿದ್ದರು. ಆ ತೊಗಲು ಪವಿತ್ರ. ಕಪಿಲೆಯ ತೊಗಲು ಎತ್ತಿದ ನೀರಿನಲ್ಲಿ ಬೆಳೆದ ಅನ್ನವೂ ನಮಗೆ ಮಡಿಯೇ. ತೊಗಲು ಹದ ಮಾಡಿದವರು ಮಾತ್ರ ಜಗಲಿಯಿಂದ ದೂರ ನಿಲ್ಲಬೇಕಾಗಿತ್ತು. ನಾನೂ ಅದನ್ನು ನೋಡಿಕೊಂಡು ಸುಮ್ಮನಿದ್ದವನೇ. ಆ ಹಿರಿಯರ ಮೊಮ್ಮಗ ನನ್ನ ಟಿಪ್ಪಣಿ ಪುಸ್ತಕ ನೋಡಿ ಹೇಳಿದ: “ಈ ಮಾತೆಲ್ಲಾ ಯಾಕೆ ಬರೀತೀರಾ ಸಾರ್? ಇದರ ಹಿಂದೆ ನಮ್ಗೆ ಬೈಗುಳ ಐತೆ.” ಉತ್ತರ ತೋಚಲಿಲ್ಲ. ಪುಸ್ತಕ ಮುಚ್ಚಿದೆ. ಒಳಗಿದ್ದ ಅಜ್ಜ ಮಾತ್ರ, “ಬರ್ಕೊಳ್ಳಲಿ ಬಿಡು. ಕೆಲಸ ಗೊತ್ತಿದ್ದೋರು ನಾವು ಅಂತ ಬರ್ಕೊಳ್ಳಲಿ” ಎಂದರು.

ಉಪಭಾಷೆಯ ಅಧ್ಯಯನ ಮಾಡುವವರಿಗೆ ನನ್ನ ಬಿನ್ನಹ ಇಷ್ಟೇ. ಈ ಪದಗಳನ್ನು ಜಾತಿಯ ಪಟ್ಟಿಯ ಕೆಳಗೆ ಬರೆಯಬೇಡಿ, ಕುಶಲವಿದ್ಯೆಯ ಕೆಳಗೆ ಬರೆಯಿರಿ. ಹೇಳಿದವರ ಒಪ್ಪಿಗೆ ಪಡೆದು ಬರೆಯಿರಿ. ಬರೆದದ್ದನ್ನು ಅವರಿಗೂ ಓದಿ ಹೇಳಿರಿ. ಹದ ಗೊತ್ತಿದ್ದವರು ಅವರು. ಕಲಿಯಬೇಕಾದವರು ನಾವು.