ಗಾಲಿಕುರ್ಚಿ ಸೇವೆ ಮತ್ತು ಆಯ್ಕೆಯ ಹಕ್ಕು: ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ಒಂದು ಅಧ್ಯಾಯ

ಇಂಗ್ಲೆಂಡಿನ ಆರೋಗ್ಯ ಇಲಾಖೆಯು 2011ರ ಜುಲೈ ತಿಂಗಳಿನಲ್ಲಿ ಹೊರಡಿಸಿದ ಮಾರ್ಗದರ್ಶಿ ಪತ್ರವು, ಸರ್ಕಾರದ ಹಣದಿಂದ ನಡೆಯುವ ಎಂಟು ಬಗೆಯ ಆರೋಗ್ಯ ಸೇವೆಗಳನ್ನು ಹೆಸರಿಸಿ, ಅವುಗಳಲ್ಲಿ ರೋಗಿಯು ತನಗೆ ಬೇಕಾದ ಸೇವಾದಾತ ಸಂಸ್ಥೆಯನ್ನು ತಾನೇ ಆರಿಸಿಕೊಳ್ಳುವ ಅವಕಾಶವನ್ನು ವಿಸ್ತರಿಸಬೇಕೆಂದು ಸೂಚಿಸಿತು. ಬೆನ್ನು ಮತ್ತು ಕುತ್ತಿಗೆ ನೋವಿನ ಚಿಕಿತ್ಸೆ, ವಯಸ್ಕರ ಶ್ರವಣ ಸೇವೆ, ಪಾದ ಚಿಕಿತ್ಸೆ, ಕಾಲಿನ ಹುಣ್ಣಿನ ಶುಶ್ರೂಷೆ ಮೊದಲಾದವುಗಳ ಆ ಪಟ್ಟಿಯಲ್ಲಿ ಮಕ್ಕಳ ಗಾಲಿಕುರ್ಚಿ ಸೇವೆಯೂ ಸೇರಿತ್ತು. ಮೇಲುನೋಟಕ್ಕೆ ಇದೊಂದು ಆಡಳಿತಾತ್ಮಕ ಸುಧಾರಣೆ. ಆದರೆ ಗಾಲಿಕುರ್ಚಿಯನ್ನು ಪ್ರಭುತ್ವವೇ ಒದಗಿಸತೊಡಗಿದ ಸುಮಾರು ಒಂದು ಶತಮಾನದ ಚರಿತ್ರೆಯ ಹಿನ್ನೆಲೆಯಲ್ಲಿ ನೋಡಿದಾಗ, ಕುರ್ಚಿಯನ್ನು ಆರಿಸುವ ಹಕ್ಕಿಗೂ ಕುರ್ಚಿ ಕೊಡುವವರನ್ನು ಆರಿಸುವ ಹಕ್ಕಿಗೂ ಇರುವ ಅಂತರ ಎಷ್ಟು ದೊಡ್ಡದೆಂಬುದು ಮನವರಿಕೆಯಾಗುತ್ತದೆ.

ಈ ಸೇವೆಯ ಮೂಲವಿರುವುದು ಆಸ್ಪತ್ರೆಯಲ್ಲಲ್ಲ, ಯುದ್ಧದಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ ಅಂಗಹೀನರಾಗಿ ಮರಳಿದ ಸೈನಿಕರಿಗಾಗಿ 1915ರಲ್ಲಿ ಲಂಡನ್ನಿನ ರೋಹ್ಯಾಂಪ್ಟನ್‌ನಲ್ಲಿ ಕ್ವೀನ್ ಮೇರಿ ಆಸ್ಪತ್ರೆ ಆರಂಭವಾಯಿತು. ಮರುವರ್ಷ ಪಿಂಚಣಿ ಸಚಿವಾಲಯ ಸ್ಥಾಪನೆಗೊಂಡಿತು. ಕೃತಕ ಕೈಕಾಲು, ಗಾಲಿಕುರ್ಚಿಗಳು ಸೈನಿಕನಿಗೆ ರಾಷ್ಟ್ರವು ಸಲ್ಲಿಸಬೇಕಾದ ಋಣವೆಂಬ ಭಾವನೆ ಅಂದು ಬಲವಾಗಿತ್ತು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಜಾರಿಗೆ ಬಂದಾಗ ಈ ಸೌಲಭ್ಯ ನಾಗರಿಕರಿಗೂ ವಿಸ್ತರಿಸಿತು. ಆದರೆ ಇದನ್ನು ಪ್ರಾದೇಶಿಕ ಆಸ್ಪತ್ರೆ ಮಂಡಳಿಗಳ ಕೈಗೆ ಕೊಡದೆ ಕೇಂದ್ರ ಇಲಾಖೆಯೇ ನೇರವಾಗಿ ನಡೆಸಿಕೊಂಡು ಬಂದಿತು. ಇಲಾಖೆ ಸಗಟಾಗಿ ಕೊಳ್ಳುತ್ತಿತ್ತು, ಮಾದರಿಗಳಿಗೆ ಸಂಖ್ಯೆ ಕೊಡುತ್ತಿತ್ತು. ಕುಳಿತವನೇ ಚಕ್ರವನ್ನು ತಿರುಗಿಸಿಕೊಳ್ಳುವ ಕುರ್ಚಿಗೆ ಒಂದು ಸಂಖ್ಯೆ, ಮತ್ತೊಬ್ಬರು ತಳ್ಳಬೇಕಾದ ಕುರ್ಚಿಗೆ ಇನ್ನೊಂದು. ಬಳಸುವವನ ಮೈಕಟ್ಟು, ಮನೆಯ ಬಾಗಿಲಿನ ಅಗಲ, ಉದ್ಯೋಗದ ಸ್ವರೂಪ ಇವೆಲ್ಲ ಆ ಸಂಖ್ಯೆಗಳೊಳಗೆ ಹೇಗೋ ಅಡಗಬೇಕಾಗಿತ್ತು.

ಇದೇ ಮನೋಧರ್ಮದ ಎದ್ದುಕಾಣುವ ನಿದರ್ಶನವೆಂದರೆ ಅಂಗವಿಕಲರಿಗೆ ಸರ್ಕಾರ ಕೊಡುತ್ತಿದ್ದ ನಸುನೀಲಿ ಬಣ್ಣದ ಮೂರು ಚಕ್ರದ ಮೋಟಾರು ವಾಹನ. ಅದರಲ್ಲಿ ಒಬ್ಬರಿಗೆ ಮಾತ್ರ ಆಸನ. ಮತ್ತೊಬ್ಬರನ್ನು ಕೂರಿಸಿಕೊಳ್ಳಲು ಅನುಮತಿಯಿರಲಿಲ್ಲ. ತಾಯಿಯೊಬ್ಬಳು ಮಗುವನ್ನು ಶಾಲೆಗೆ ಬಿಡಲು ಆ ವಾಹನವನ್ನು ಬಳಸುವಂತಿರಲಿಲ್ಲ. ಬಳಕೆದಾರರ ಅತೃಪ್ತಿಯ ಫಲವಾಗಿ 1976ರಿಂದ ಹೊಸದಾಗಿ ಕೊಡುವುದನ್ನು ಕೈಬಿಟ್ಟು, ನಗದು ರೂಪದ ಸಂಚಾರ ಭತ್ಯೆಯನ್ನು ಜಾರಿಗೆ ತರಲಾಯಿತು. ಆ ಭತ್ಯೆಯಿಂದ ಕಾರನ್ನು ಗುತ್ತಿಗೆಗೆ ಪಡೆಯಲು ನೆರವಾಗುವ ಮೋಟಬಿಲಿಟಿ ಸಂಸ್ಥೆ 1977ರಲ್ಲಿ ಹುಟ್ಟಿತು. ಉಳಿದಿದ್ದ ಮೂರು ಚಕ್ರದ ವಾಹನಗಳು 2003ರಲ್ಲಿ ರಸ್ತೆಯಿಂದ ಮರೆಯಾದವು. ವಾಹನದ ವಿಷಯದಲ್ಲಿ ವಸ್ತುವಿನ ಬದಲು ಹಣ ಕೊಟ್ಟ ಪ್ರಭುತ್ವ, ಗಾಲಿಕುರ್ಚಿಯ ವಿಷಯದಲ್ಲಿ ಅದೇ ಹೆಜ್ಜೆಯಿಡಲು ಮತ್ತೆ ಇಪ್ಪತ್ತು ವರ್ಷ ತೆಗೆದುಕೊಂಡದ್ದು ಗಮನಾರ್ಹ.

ಕೇಂದ್ರೀಕೃತ ವ್ಯವಸ್ಥೆಗೆ ಮೊದಲ ಪೆಟ್ಟು ಬಿದ್ದದ್ದು 1986ರಲ್ಲಿ. ಲಂಡನ್ನಿನ ಗೈಸ್ ಆಸ್ಪತ್ರೆಯ ಶಸ್ತ್ರವೈದ್ಯ ಇಯಾನ್ ಮೆಕಾಲ್ ಅವರ ಅಧ್ಯಕ್ಷತೆಯ ಸಮಿತಿ, ಕೃತಕ ಅಂಗ ಹಾಗೂ ಉಪಕರಣ ಕೇಂದ್ರಗಳ ಕಾರ್ಯವೈಖರಿಯನ್ನು ಕಟುವಾಗಿ ವಿಮರ್ಶಿಸಿತು. ಸಮಿತಿಯ ಶಿಫಾರಸಿನ ಮೇರೆಗೆ 1987ರಲ್ಲಿ ಅಂಗವಿಕಲ ಸೇವಾ ಪ್ರಾಧಿಕಾರ ರಚನೆಗೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಎರಡೂ ಕಾಲುಗಳನ್ನು ಕಳೆದುಕೊಂಡಿದ್ದ ಮಾಜಿ ಸಚಿವ ಲಾರ್ಡ್ ಹೋಲ್ಡರ್‌ನೆಸ್ ಅದರ ಅಧ್ಯಕ್ಷರಾದರು. ಉಪಕರಣದ ಬಳಕೆದಾರರೊಬ್ಬರು ಅದರ ಆಡಳಿತದ ಚುಕ್ಕಾಣಿ ಹಿಡಿದದ್ದು ಆಕಸ್ಮಿಕವಿರಲಾರದು. ಪ್ರಾಧಿಕಾರ ತಾತ್ಕಾಲಿಕವಾಗಿತ್ತು. 1991ರಲ್ಲಿ ಸೇವೆಯು ಸ್ಥಳೀಯ ಆರೋಗ್ಯ ಪ್ರಾಧಿಕಾರಗಳಿಗೆ ವರ್ಗಾವಣೆಗೊಂಡು, ಇಂಗ್ಲೆಂಡಿನಾದ್ಯಂತ ಸುಮಾರು 150 ಸ್ಥಳೀಯ ಘಟಕಗಳಾಗಿ ಹಂಚಿಹೋಯಿತು. ಅರ್ಹತೆಯ ನಿಯಮ, ಕಾಯುವ ಅವಧಿ, ಕುರ್ಚಿಯ ಗುಣಮಟ್ಟ ಎಲ್ಲವೂ ಊರಿಂದ ಊರಿಗೆ ಬೇರೆಯಾದವು. ಏಕರೂಪತೆಯ ದೋಷ ನೀಗಿದ ಜಾಗದಲ್ಲಿ ಅಸಮಾನತೆಯ ದೋಷ ತಲೆದೋರಿತು.

1996ರಲ್ಲಿ ಆರಂಭಗೊಂಡ ವೋಚರ್ ಯೋಜನೆ ಆಯ್ಕೆಯ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಮೊದಲ ಪ್ರಯತ್ನವೆನ್ನಬಹುದು. ತಜ್ಞರ ಪರೀಕ್ಷೆಯಲ್ಲಿ ಸೂಕ್ತವೆಂದು ಕಂಡ ಕುರ್ಚಿಯ ಬೆಲೆಯಷ್ಟು ಮೌಲ್ಯದ ಚೀಟಿ ಬಳಕೆದಾರನ ಕೈಗೆ ಬರುತ್ತಿತ್ತು. ಹೆಚ್ಚು ಬೆಲೆಯ ಕುರ್ಚಿ ಬೇಕಾದವನು ಉಳಿದ ಹಣವನ್ನು ತಾನೇ ಭರಿಸಬೇಕು. ಕುರ್ಚಿಯನ್ನು ಆರೋಗ್ಯ ಸೇವೆಯ ಸ್ವತ್ತಾಗಿಯೇ ಉಳಿಸಿಕೊಂಡರೆ ದುರಸ್ತಿಯ ಹೊಣೆ ಸೇವೆಯದು. ತನ್ನ ಸ್ವಂತದ್ದಾಗಿಸಿಕೊಂಡರೆ ದುರಸ್ತಿಯ ಹೊಣೆಯೂ ತನ್ನದೇ. ಯೋಜನೆಯ ಗುಣವೂ ಮಿತಿಯೂ ಇಲ್ಲಿಯೇ ಇದ್ದವು. ಕೈಯಲ್ಲಿ ಒಂದಿಷ್ಟು ಹಣವಿದ್ದವನಿಗೆ ಹಗುರವಾದ, ತನ್ನ ಮೈಗೆ ಒಪ್ಪುವ ಕುರ್ಚಿ ದೊರೆಯಿತು. ಹಣವಿಲ್ಲದವನ ಪಾಲಿಗೆ ಆ ಚೀಟಿಯಿಂದ ಹೆಚ್ಚಿನ ವ್ಯತ್ಯಾಸವೇನೂ ಆಗಲಿಲ್ಲ.

2010ರ ಜುಲೈನಲ್ಲಿ ಆರೋಗ್ಯ ಸಚಿವ ಆಂಡ್ರ್ಯೂ ಲ್ಯಾನ್ಸ್‌ಲಿ ಮಂಡಿಸಿದ ಶ್ವೇತಪತ್ರ ಬೇರೊಂದು ಹಾದಿ ಹಿಡಿಯಿತು. ಇಲ್ಲಿ ಪ್ರಧಾನವಾದದ್ದು ವಸ್ತುವಲ್ಲ, ಸಂಸ್ಥೆ. ಸರ್ಕಾರಿ ಆಸ್ಪತ್ರೆಯಾಗಲಿ, ಖಾಸಗಿ ಕಂಪನಿಯಾಗಲಿ, ಧರ್ಮದತ್ತಿ ಸಂಸ್ಥೆಯಾಗಲಿ ನಿಗದಿತ ಗುಣಮಟ್ಟವನ್ನು ತಲುಪಿದರೆ ಪಟ್ಟಿಗೆ ಸೇರಬಹುದು. ದರ ಮೊದಲೇ ಗೊತ್ತಾಗಿರುವುದರಿಂದ ಪೈಪೋಟಿ ಬೆಲೆಯಲ್ಲಲ್ಲ, ಗುಣದಲ್ಲಿ. ಇಷ್ಟು ಮಂದಿ ಬರುತ್ತಾರೆಂಬ ಭರವಸೆ ಯಾವ ಸಂಸ್ಥೆಗೂ ಇಲ್ಲ. ಮೊದಲು ‘ಸಿದ್ಧವಿರುವ ಯಾವುದೇ ಸೇವಾದಾತ’ ಎಂದಿದ್ದ ಈ ನೀತಿಯ ಹೆಸರು, ಟೀಕೆಗಳ ನಡುವೆ, ‘ಅರ್ಹತೆಯುಳ್ಳ ಯಾವುದೇ ಸೇವಾದಾತ’ ಎಂದು ಬದಲಾಯಿತು. ಅಂದಿನ ಪ್ರಾಥಮಿಕ ಆರೈಕೆ ಟ್ರಸ್ಟುಗಳ ಸಮೂಹಗಳು ಸ್ಥಳೀಯರೊಡನೆ ಸಮಾಲೋಚಿಸಿ ಕನಿಷ್ಠ ಮೂರು ಸೇವೆಗಳನ್ನು ಆರಿಸಿಕೊಂಡು 2012ರಲ್ಲಿ ಜಾರಿಗೆ ತರಬೇಕಾಗಿತ್ತು.

ಗಾಲಿಕುರ್ಚಿಯ ಪೈಕಿ ಮಕ್ಕಳ ಸೇವೆಯನ್ನಷ್ಟೇ ಸೇರಿಸಿದ್ದಕ್ಕೆ ಅರ್ಥವಿದೆ. ಮಗು ಬೆಳೆಯುತ್ತದೆ, ತಡವಾಗಿ ಬಂದ ಕುರ್ಚಿ ಬರುವ ಹೊತ್ತಿಗೇ ಚಿಕ್ಕದಾಗಿರುತ್ತದೆ, ತಪ್ಪು ಭಂಗಿಯಲ್ಲಿ ಕುಳಿತು ಬೆನ್ನೆಲುಬು ಡೊಂಕಾಗುತ್ತದೆ, ಶಾಲೆ ತಪ್ಪುತ್ತದೆ. 1990ರಲ್ಲಿ ಸ್ಥಾಪನೆಯಾದ ವಿಜ್-ಕಿಡ್ಜ್ ಎಂಬ ಧರ್ಮದತ್ತಿ ಸಂಸ್ಥೆ, ಸರ್ಕಾರಿ ಸೇವೆ ಕೊಡಲಾಗದ ಕುರ್ಚಿಗಳನ್ನು ಮಕ್ಕಳಿಗೆ ಒದಗಿಸುತ್ತಲೇ ಈ ವಿಳಂಬದ ಕಡೆ ಸಾರ್ವಜನಿಕರ ಗಮನ ಸೆಳೆದಿತ್ತು. ಆದರೆ ಶ್ರವಣ ಸಾಧನದಂತೆ ಗಾಲಿಕುರ್ಚಿಯು ಒಮ್ಮೆ ಅಳತೆ ಮಾಡಿ ಕೊಟ್ಟು ಮುಗಿಸುವ ವಸ್ತುವಲ್ಲ. ಅಂಗಸಾಧನೆಯ ಚಿಕಿತ್ಸಕರು, ಪುನರ್ವಸತಿ ಇಂಜಿನಿಯರು ಒಟ್ಟಿಗೆ ಕುಳಿತು ಅಳೆಯಬೇಕು, ಆಸನವನ್ನು ಮಾರ್ಪಡಿಸಬೇಕು, ಮುರಿದಾಗ ರಿಪೇರಿ ಮಾಡಬೇಕು, ಹಿಂತಿರುಗಿದ ಕುರ್ಚಿಯನ್ನು ಶುಚಿಗೊಳಿಸಿ ಇನ್ನೊಬ್ಬರಿಗೆ ಕೊಡಬೇಕು. ಕುಟುಂಬವು ಒಂದು ಸಂಸ್ಥೆಯನ್ನು ಬಿಟ್ಟು ಮತ್ತೊಂದಕ್ಕೆ ಹೋದರೆ ಹಳೆಯ ಕುರ್ಚಿ ಯಾರದು, ಅದರ ಚಕ್ರ ಸವೆದರೆ ಹೊಣೆ ಯಾರದು ಎಂಬಂಥ ಪ್ರಶ್ನೆಗಳಿಗೆ ಒಂದೇ ದರದ ಪಟ್ಟಿಯಲ್ಲಿ ಉತ್ತರ ಹುಡುಕುವುದು ಸುಲಭವಾಗಿರಲಿಲ್ಲ. ಸಂಕೀರ್ಣ ಅಂಗವೈಕಲ್ಯವುಳ್ಳ ಮಕ್ಕಳ ಸಂಖ್ಯೆ ಒಂದು ಜಿಲ್ಲೆಯಲ್ಲಿ ಕಡಿಮೆಯೇ; ಆ ಕೆಲವರಿಗಾಗಿ ಎರಡು ಮೂರು ಸಂಸ್ಥೆಗಳು ತಜ್ಞರನ್ನು ನೇಮಿಸಿಕೊಂಡು ಕಾಯುವುದು ಲೆಕ್ಕಕ್ಕೆ ಹೊಂದದ ಮಾತು. ‘ರೋಗಿ’ ಎಂಬ ಪದವೂ ಇಲ್ಲಿ ಅಷ್ಟಾಗಿ ಒಪ್ಪುವುದಿಲ್ಲ. ರೋಗಿಯ ಆಯ್ಕೆ ಒಂದು ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ್ದು. ಕುರ್ಚಿ ಬಳಸುವವನ ಆಯ್ಕೆ ದಿನದ ಹದಿನಾರು ಗಂಟೆಗೆ ಸಂಬಂಧಿಸಿದ್ದು.

2013ರ ಏಪ್ರಿಲ್‌ನಲ್ಲಿ ಟ್ರಸ್ಟುಗಳು ರದ್ದಾಗಿ, ವೈದ್ಯರ ನೇತೃತ್ವದ ಖರೀದಿ ಸಮೂಹಗಳು ಆ ಸ್ಥಾನಕ್ಕೆ ಬಂದವು. ಅನಂತರದ ವರ್ಷಗಳಲ್ಲಿ ಚರ್ಚೆಯ ಕೇಂದ್ರ ಮತ್ತೆ ಬಳಕೆದಾರನ ಕಡೆಗೆ ವಾಲಿತು. ಪ್ಯಾರಾಲಿಂಪಿಕ್ ಕ್ರೀಡಾಪಟು, ಸಂಸತ್ತಿನ ಮೇಲ್ಮನೆಯ ಸದಸ್ಯೆ ಟ್ಯಾನಿ ಗ್ರೇ-ಥಾಂಪ್ಸನ್ ಅವರ ಮುಂದಾಳುತನದಲ್ಲಿ ಸರಿಯಾದ ಕುರ್ಚಿ ಸರಿಯಾದ ಸಮಯಕ್ಕೆ ಎಂಬ ಬೇಡಿಕೆಯ ಆಂದೋಲನ ನಡೆಯಿತು. 2019ರ ಡಿಸೆಂಬರ್ 2ರಿಂದ, ಅರ್ಹರಾದವರಿಗೆ ವೈಯಕ್ತಿಕ ಗಾಲಿಕುರ್ಚಿ ಅನುದಾನವು ಕಾನೂನುಬದ್ಧ ಹಕ್ಕಾಯಿತು. ವೋಚರಿನ ಸ್ಥಾನವನ್ನು ತುಂಬಿದ ಈ ಅನುದಾನವನ್ನು ಸ್ಥಳೀಯ ಸೇವೆಯಲ್ಲಿಯೇ ಬಳಸಬಹುದು ಅಥವಾ ಹೊರಗಿನ ಸಂಸ್ಥೆಯ ಮೂಲಕ ಕುರ್ಚಿ ಪಡೆಯಬಹುದು; ಅಗತ್ಯವಿದ್ದರೆ ಶಿಕ್ಷಣ ಇಲಾಖೆಯ ಅಥವಾ ಧರ್ಮದತ್ತಿ ಸಂಸ್ಥೆಯ ಹಣವನ್ನೂ ಅದಕ್ಕೆ ಕೂಡಿಸಬಹುದು. ಹೀಗೆ ಎರಡು ಆಯ್ಕೆಗಳೂ ಒಂದೇ ಕಡತದಲ್ಲಿ ಸೇರಿದವು. ಯಾರು ಅರ್ಹರು ಎಂಬ ತೀರ್ಮಾನ ಮಾತ್ರ ಸ್ಥಳೀಯ ಖರೀದಿ ಸಂಸ್ಥೆಯ ಕೈಯಲ್ಲಿಯೇ ಉಳಿಯಿತು. 2022ರ ಜುಲೈನಲ್ಲಿ ಆ ಸಮೂಹಗಳೂ ರದ್ದಾಗಿ ಸಮಗ್ರ ಆರೈಕೆ ಮಂಡಳಿಗಳು ಬಂದಾಗ ಆ ಅಧಿಕಾರವೂ ಅವುಗಳಿಗೆ ಸಂದಿತು.